ಮಿಸ್ ಲಿಲಿಯನ್: 68ನೇ ವಯಸ್ಸಲ್ಲಿ ವಿಕ್ರೋಲಿಗೆ ಬಂದ ಜಾರ್ಜಿಯಾದ ನರ್ಸಮ್ಮನ ಬಗ್ಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಹಾಕಿ

ಹರಟೆಕಟ್ಟೆ:

ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2024ರ ಡಿಸೆಂಬರ್ 29ರಂದು ತೀರಿಕೊಂಡಾಗ ಅವರಿಗೆ ನೂರು ವರ್ಷ ತುಂಬಿತ್ತು. ಅವರ ಬಗ್ಗೆ ಎಲ್ಲ ಕಡೆ ಪುಟಗಟ್ಟಲೆ ಬಂತು. ಅವರ ತಾಯಿ ಬಗ್ಗೆ ಮಾತ್ರ ಒಂದೆರಡು ಸಾಲು. 'ಭಾರತದಲ್ಲಿ ಸಮಾಜಸೇವೆ ಮಾಡಿದ್ದರು' ಅಂತ ಬರೆದು ಮುಂದೆ ಹೋಗಿಬಿಟ್ಟರು. ಅಷ್ಟಕ್ಕೇ ಮುಗಿಸುವ ಬದುಕಲ್ಲ ಅದು.

ಲಿಲಿಯನ್ ಗೋರ್ಡಿ ಕಾರ್ಟರ್ ಹುಟ್ಟಿದ್ದು 1898ರ ಆಗಸ್ಟ್ 15ರಂದು, ಅಮೆರಿಕದ ಜಾರ್ಜಿಯಾ ರಾಜ್ಯದ ರಿಚ್‌ಲ್ಯಾಂಡ್ ಎಂಬ ಸಣ್ಣ ಊರಲ್ಲಿ. ತೀರಿಕೊಂಡದ್ದು 1983ರ ಅಕ್ಟೋಬರ್ 30ರಂದು, ಅಲ್ಲೇ ಹತ್ತಿರದ ಅಮೆರಿಕಸ್‌ನಲ್ಲಿ. ಒಟ್ಟು 85 ವರ್ಷ. ಇದರಲ್ಲಿ ನಮಗೆ ಸಂಬಂಧಪಟ್ಟದ್ದು 21 ತಿಂಗಳು. 1966ರಿಂದ 1968ರವರೆಗೆ ಪೀಸ್ ಕೋರ್ ಸ್ವಯಂಸೇವಕಿಯಾಗಿ ಮುಂಬೈನ ವಿಕ್ರೋಲಿಯಲ್ಲಿದ್ದರು. ಆಗ ಅದು ಬಾಂಬೆ. ಅವರ ವಯಸ್ಸು 68.

ನಮ್ಮಲ್ಲಿ ಆ ವಯಸ್ಸಿಗೆ ಮಕ್ಕಳು ಕೈಯಿಂದ ಮನೆ ಬೀಗದ ಕೈ ಕೂಡ ಕಿತ್ತುಕೊಂಡಿರುತ್ತಾರೆ. ಈ ಅಜ್ಜಿ ಟಿವಿಯಲ್ಲಿ ಪೀಸ್ ಕೋರ್ ಜಾಹೀರಾತು ನೋಡಿದರು. ವಯಸ್ಸಿನ ಮಿತಿ ಇಲ್ಲ ಅಂತ ಅದರಲ್ಲಿತ್ತು. ಅರ್ಜಿ ಹಾಕಿದರು. ಮನೋವೈದ್ಯರ ಪರೀಕ್ಷೆ ಆಯಿತು, ಮೂರು ತಿಂಗಳ ತರಬೇತಿ ಆಯಿತು, ಹೊರಟೇಬಿಟ್ಟರು.

ಗೊತ್ತಿರುವವರು ಸೇರಿಸಿ. ಮಗನ ರಾಜಕೀಯ ಇಲ್ಲಿ ಬೇಡ, ಅದಕ್ಕೆ ಬೇರೆ ಜಾಗ ಇದೆ.

ಮಂಡ್ಯದ ಮೇಷ್ಟ್ರು:

ಪೀಸ್ ಕೋರ್ ಅಂದರೆ ಏನು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕೆನಡಿ 1961ರಲ್ಲಿ ಶುರುಮಾಡಿದ್ದು. ಅಮೆರಿಕದ ಹುಡುಗ ಹುಡುಗಿಯರು ಬೇರೆ ದೇಶಕ್ಕೆ ಹೋಗಿ ಎರಡು ವರ್ಷ ಕೆಲಸ ಮಾಡಬೇಕು. ಸಂಬಳ ಅಂತ ಇಲ್ಲ, ಊಟ ವಸತಿಗೆ ಸಾಲುವಷ್ಟು ಭತ್ಯೆ. ಭಾರತದಲ್ಲಿ 1976ರವರೆಗೆ ಇದ್ದರು.

ನಮ್ಮ ಆಗಿನ ಮೈಸೂರು ರಾಜ್ಯಕ್ಕೂ ಬಂದಿದ್ದರು. ಕೋಳಿ ಸಾಕಣೆ ಕಲಿಸಲಿಕ್ಕೆ ಬಂದ ಒಬ್ಬ ಹುಡುಗ ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಇದ್ದ. ಕನ್ನಡ ಕಲಿತೇ ಬಂದಿದ್ದ. ಸೈಕಲ್ ಮೇಲೆ ಓಡಾಡುತ್ತಿದ್ದ. ಮುದ್ದೆ ನುಂಗಲಿಕ್ಕೆ ಬರುತ್ತಿರಲಿಲ್ಲ, ಅಗಿಯುತ್ತಿದ್ದ. ಊರವರು ಅದನ್ನು ನೋಡಲೆಂದೇ ಊಟಕ್ಕೆ ಕರೆಯುತ್ತಿದ್ದರು. ಬಂದವರು ಬಹುಪಾಲು ಕಾಲೇಜು ಮುಗಿಸಿದ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರೇ. ಅಂಥವರ ನಡುವೆ 68ರ ಹೆಂಗಸು ಅಂದರೆ ಯೋಚನೆ ಮಾಡಿ. ತರಬೇತಿಯಲ್ಲೇ ಎಷ್ಟು ಜನ ಹುಬ್ಬೇರಿಸಿದ್ದರೋ!

ವಿಕ್ರೋಲಿ ಹಳಬ:

ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಅಪ್ಪ ಉಡುಪಿ ಕಡೆಯವರು, ವಿಕ್ರೋಲಿಯ ಗೋದ್ರೇಜ್ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆ, ಕಾರ್ಮಿಕರ ಕಾಲೊನಿ, ಶಾಲೆ, ದವಾಖಾನೆ ಎಲ್ಲ ಒಂದೇ ಆವರಣದಲ್ಲಿ. ಅದರಾಚೆ ಕೊಲ್ಲಿ, ಕಾಂಡ್ಲಾ ಕಾಡು. ಸ್ವತಂತ್ರ ಭಾರತದ ಮೊದಲ ಚುನಾವಣೆಗೆ ಮತಪೆಟ್ಟಿಗೆ ತಯಾರಾದದ್ದೂ ಇಲ್ಲೇ. ಅಪ್ಪ ಅದನ್ನು ಹೇಳಿದಷ್ಟು ಸಲ ನನ್ನ ಮಾರ್ಕ್ಸ್ ಬಗ್ಗೆ ಕೇಳಿದ್ದರೆ ನಾನು ಎಲ್ಲೋ ಇರುತ್ತಿದ್ದೆ.

'ಅಮೆರಿಕನ್ ಅಜ್ಜಿ'ಯ ಕಥೆ ಕಾಲೊನಿಯ ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಆದರೆ ಆಗ ಅವರು ಯಾರ ತಾಯಿ ಅಂತ ಕಾಲೊನಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲು ಏನೂ ಇರಲೂ ಇಲ್ಲ. 1966ರಲ್ಲಿ ಮಗ ಗವರ್ನರ್ ಚುನಾವಣೆಗೆ ನಿಂತು ಸೋತಿದ್ದ ಒಬ್ಬ ಕಡಲೆಕಾಯಿ ವ್ಯಾಪಾರಿ, ಅಷ್ಟೇ. ಅವರು ಮಗನ ಹೆಸರಿನ ಬಲದಿಂದ ಬಂದವರಲ್ಲ. ನಾನು ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈಗ ಎಲ್ಲರೂ ಉಲ್ಟಾ ಹೇಳುತ್ತಾರೆ.

ಮೊದಲು ಅವರನ್ನು ಹಾಕಿದ್ದು ಕುಟುಂಬ ಯೋಜನೆ ಕೆಲಸಕ್ಕೆ. ಅದು ಅವರಿಗೆ ಹಿಡಿಸಲಿಲ್ಲ. ಹಠ ಹಿಡಿದು ದವಾಖಾನೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿಕೊಂಡರು.

ನಿವೃತ್ತ ಸಿಸ್ಟರ್:

ಈ ಚರ್ಚೆ ಸಿಕ್ಕಿದ್ದು ಒಳ್ಳೆಯದಾಯಿತು. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಎಲ್ಲರೂ ಅವರನ್ನು 'ಅಧ್ಯಕ್ಷರ ತಾಯಿ' ಅಂತಾರೆ. ನನಗೆ ಅವರು ಮೊದಲು ನರ್ಸ್. ಅಲ್ಲಿಂದಲೇ ನೋಡಿದರೆ ಉಳಿದದ್ದೆಲ್ಲ ಅರ್ಥ ಆಗುತ್ತದೆ.

ಅವರ ಅಪ್ಪ ರಿಚ್‌ಲ್ಯಾಂಡ್‌ನ ಪೋಸ್ಟ್‌ಮಾಸ್ಟರ್. ಹುಡುಗಿಯೂ ಅದೇ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಮೊದಲ ಮಹಾಯುದ್ಧದ ಹೊತ್ತಿಗೆ ಸೈನ್ಯದಲ್ಲಿ ನರ್ಸ್ ಆಗಲು ಹೆಸರು ಕೊಟ್ಟರು, ಆದರೆ ಆ ಯೋಜನೆಯೇ ರದ್ದಾಯಿತು. ಆಮೇಲೆ ಪ್ಲೇನ್ಸ್ ಎಂಬ ಊರಿಗೆ ಬಂದು ಅಲ್ಲಿನ ವೈಸ್ ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದರು. ಮುಗಿಸಿದ್ದು ಅಟ್ಲಾಂಟಾದ ಗ್ರೇಡಿ ಮೆಮೋರಿಯಲ್ ಆಸ್ಪತ್ರೆಯಲ್ಲಿ, 1923ರಲ್ಲಿ. ಅದೇ ವರ್ಷ ಅರ್ಲ್ ಕಾರ್ಟರ್ ಜೊತೆ ಮದುವೆ. ಮರುವರ್ಷ ಅಕ್ಟೋಬರ್ 1ರಂದು ಜಿಮ್ಮಿ ಹುಟ್ಟಿದ್ದು ಅದೇ ವೈಸ್ ಆಸ್ಪತ್ರೆಯಲ್ಲಿ. ಆಸ್ಪತ್ರೆಯಲ್ಲಿ ಹುಟ್ಟಿದ ಮೊದಲ ಅಮೆರಿಕನ್ ಅಧ್ಯಕ್ಷ ಅವರೇ. ಆ ಕಾಲಕ್ಕೆ ಹೆರಿಗೆ ಎಲ್ಲ ಮನೆಯಲ್ಲೇ ಆಗುತ್ತಿತ್ತು, ಇಲ್ಲೂ ಹಾಗೇ ಅಲ್ವಾ.

ಇನ್ನೊಂದು. 1927ರಲ್ಲಿ ಪ್ಲೇನ್ಸ್‌ನ ಒಂದು ಮನೆಯ ಹೆರಿಗೆಗೆ ನರ್ಸ್ ಆಗಿ ಹೋಗಿದ್ದರು. ಹೆಣ್ಣುಮಗು. ಸ್ವಲ್ಪ ದಿನದಲ್ಲಿ ತಮ್ಮ ಮಗನನ್ನೂ ಕರೆದುಕೊಂಡು ಹೋಗಿ ಮಗು ತೋರಿಸಿದರು. ಅವನಿಗೆ ಇನ್ನೂ ಮೂರು ತುಂಬಿರಲಿಲ್ಲ. ಆ ಮಗುವೇ ರೋಸಲಿನ್, ಮುಂದೆ ಇವರ ಸೊಸೆ. ರೋಸಲಿನ್‌ರ ಅಪ್ಪ ರಕ್ತದ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಾಗ ಆರೈಕೆ ಮಾಡಿದವರೂ ಲಿಲಿಯನ್ನೇ. ಆತ 1940ರಲ್ಲಿ ಹೋದರು.

ಕಡ್ಡಿ ಮುರಿದಂತೆ:

ಎಲ್ಲ ಸರಿ. ಆದರೆ ಈ ಪೂಜೆಗೆ ಸ್ವಲ್ಪ ಬ್ರೇಕ್ ಹಾಕಿ. 1920, 30ರ ಜಾರ್ಜಿಯಾ ಅಂದರೆ ಏನು ಅಂತ ಗೊತ್ತಲ್ಲ? ಕರಿಯರಿಗೆ ಬೇರೆ ಶಾಲೆ, ಬೇರೆ ಬಾಗಿಲು, ಬೇರೆ ನಲ್ಲಿ. ಮತ ಹಾಕುವ ಹಾಗಿಲ್ಲ. ಅರ್ಲ್ ಕಾರ್ಟರ್ ಜಮೀನ್ದಾರ. ಅವರ ಹೊಲದಲ್ಲಿ ದುಡಿಯುತ್ತಿದ್ದವರು ಕರಿಯ ಕುಟುಂಬಗಳು. ಲಿಲಿಯನ್ ಹೊರಗೆ ನರ್ಸ್ ಕೆಲಸಕ್ಕೆ ಹೋಗಲು ಸಾಧ್ಯವಾದದ್ದು ಮನೆಯಲ್ಲಿ ಅಡುಗೆ ಮಾಡಲು, ಮಕ್ಕಳನ್ನು ನೋಡಿಕೊಳ್ಳಲು ಕರಿಯ ಹೆಂಗಸರು ಇದ್ದದ್ದರಿಂದ. ಆ ಹೆಂಗಸರ ಬದುಕನ್ನು ಯಾರು ನೆನೆಯುತ್ತಾರೆ?

ಜಾರ್ಜಿಯಾ ಕನ್ನಡಿಗ:

@ಕಡ್ಡಿ ಮುರಿದಂತೆ, ಪ್ರಶ್ನೆ ಸರಿಯಾದದ್ದೇ. ಒಬ್ಬರನ್ನಾದರೂ ಹೆಸರಿಟ್ಟು ನೆನೆಯೋಣ: ರೇಚಲ್ ಕ್ಲಾರ್ಕ್. ಕಾರ್ಟರ್ ಹೊಲದಲ್ಲಿ ದುಡಿಯುತ್ತಿದ್ದ ಜ್ಯಾಕ್ ಕ್ಲಾರ್ಕ್ ಅವರ ಹೆಂಡತಿ. ಹತ್ತಿ ಬಿಡಿಸುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಅಪ್ಪ ಅಮ್ಮ ಊರಲ್ಲಿ ಇಲ್ಲದಾಗ ಜಿಮ್ಮಿ ಮಲಗುತ್ತಿದ್ದದ್ದು ಕ್ಲಾರ್ಕ್ ಅವರ ಮನೆಯಲ್ಲಿ. ಮೀನು ಹಿಡಿಯಲು ಕರೆದುಕೊಂಡು ಹೋಗಿ, ಗಿಡ ಮರ ಹಕ್ಕಿ ತೋರಿಸಿ ಬೆಳೆಸಿದವರು ರೇಚಲ್. ಜಿಮ್ಮಿ ಇದನ್ನು ಮುಚ್ಚಿಟ್ಟವರಲ್ಲ, ಮತ್ತೆ ಮತ್ತೆ ಬರೆದಿದ್ದಾರೆ. ಕ್ಲಾರ್ಕ್ ಅವರ ಮನೆಯನ್ನು ಈಗ ನ್ಯಾಷನಲ್ ಪಾರ್ಕ್‌ನವರು ಉಳಿಸಿಟ್ಟಿದ್ದಾರೆ.

ನಾನು ಅಟ್ಲಾಂಟಾ ಹತ್ತಿರ ಇರುವವನು. ಪ್ಲೇನ್ಸ್ ಇಲ್ಲಿಂದ ಕಾರಲ್ಲಿ ಮೂರು ತಾಸಿನೊಳಗೆ. ಊರಿಂದ ಯಾರಾದರೂ ಬಂದರೆ ಕರೆದುಕೊಂಡು ಹೋಗುತ್ತೇನೆ, ಅವರು ಬೇಡ ಅಂದರೂ. ಎಲ್ಲ ಸೇರಿ ಏಳುನೂರು ಜನ ಇರದ ಊರು. ಒಂದು ರಸ್ತೆ, ರೈಲ್ವೆ ಹಳಿ, ಸಾಲು ಅಂಗಡಿ. ಸುತ್ತ ಕಡಲೆಕಾಯಿ ಹೊಲ, ಕೆಂಪು ಮಣ್ಣು. ನಮ್ಮ ಕೋಲಾರ ಚಿಕ್ಕಬಳ್ಳಾಪುರದವರು ನೋಡಿದರೆ 'ಅರೆ, ಇದು ನಮ್ಮ ಮಣ್ಣೇ' ಅಂತಾರೆ.

ಪ್ಲೇನ್ಸ್‌ನಿಂದ ಪಶ್ಚಿಮಕ್ಕೆ ಎರಡೂವರೆ ಮೈಲಿ ಹೋದರೆ ಆರ್ಚರಿ. ಕಾರ್ಟರ್ ಕುಟುಂಬ 1928ರಲ್ಲಿ ಅಲ್ಲಿಗೆ ಹೋಯಿತು. ಹೊಲದ ಮನೆ. 1935ರವರೆಗೆ ನಲ್ಲಿ ನೀರಿಲ್ಲ, ಗಾಳಿಯಂತ್ರ ಹಾಕಿದ ಮೇಲೆ ಬಂತು. ಕರೆಂಟು 1938ಕ್ಕೆ. ಸುತ್ತಲಿನ ಮನೆಗಳೆಲ್ಲ ಹೆಚ್ಚುಕಮ್ಮಿ ಕರಿಯರವೇ. ಲಿಲಿಯನ್ ಆ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುತ್ತಿದ್ದರು. ದುಡ್ಡು ಇರುವವರು ಕೊಡುತ್ತಿದ್ದರು, ಇಲ್ಲದವರು ಕೋಳಿ, ಮೊಟ್ಟೆ, ಹಣ್ಣು ತಂದಿಡುತ್ತಿದ್ದರು. ಬೇರೆ ಬಿಳಿಯ ಹೆಂಗಸರು ಇದನ್ನು ಮಾಡುತ್ತಿರಲಿಲ್ಲ.

ಮಕ್ಕಳಿಗೆ ಇದು ಯಾವಾಗಲೂ ಸುಖವಾಗಿತ್ತು ಅಂತೇನಲ್ಲ. ಅಮ್ಮ ಡ್ಯೂಟಿಗೆ ಹೋಗಿರುತ್ತಿದ್ದರು. ಮನೆಯಲ್ಲಿ ಒಂದು ಕಪ್ಪು ಮೇಜಿನ ಮೇಲೆ ಚೀಟಿ ಬರೆದಿಟ್ಟಿರುತ್ತಿದ್ದರು, ಇವತ್ತು ಯಾರು ಯಾವ ಕೆಲಸ ಮಾಡಬೇಕು ಅಂತ. ಮಕ್ಕಳು ಆ ಮೇಜನ್ನೇ ಅಮ್ಮ ಅಂತ ತಮಾಷೆ ಮಾಡುತ್ತಿದ್ದರಂತೆ.

ನಿವೃತ್ತ ಸಿಸ್ಟರ್:

ಆ ಮೇಜಿನ ಕಥೆ ಓದಿ ನಗು ಬಂತು, ಆಮೇಲೆ ಸುಮ್ಮನಾದೆ. ನೈಟ್ ಡ್ಯೂಟಿ ಮಾಡಿದ ಯಾವ ತಾಯಿಯನ್ನಾದರೂ ಕೇಳಿ. ನಮ್ಮ ಮನೆಯಲ್ಲಿ ಅದು ಫ್ರಿಜ್ ಬಾಗಿಲು.

ಕಡ್ಡಿ ಮುರಿದಂತೆ:

ರೇಚಲ್ ಕ್ಲಾರ್ಕ್ ಬಗ್ಗೆ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೂ ಗಂಡ ಹೆಂಡತಿ ಇಬ್ಬರದೂ ಒಂದೇ ನಿಲುವು ಇತ್ತಾ? ಅರ್ಲ್ ಪಕ್ಕಾ ಪ್ರತ್ಯೇಕತಾವಾದಿ ಅಂತ ಓದಿದ್ದೇನೆ.

ಜಾರ್ಜಿಯಾ ಕನ್ನಡಿಗ:

ಇರಲಿಲ್ಲ. ಆರ್ಚರಿಯಲ್ಲಿ ವಿಲಿಯಂ ಜಾನ್ಸನ್ ಅಂತ ಕರಿಯ ಬಿಷಪ್ ಇದ್ದರು. ದೊಡ್ಡ ಹೆಸರು, ಅಲ್ಲೇ ಶಾಲೆ ನಡೆಸುತ್ತಿದ್ದರು. ಅವರ ಮಗ ಉತ್ತರದಲ್ಲಿ ಓದಿ ಬಂದವನು. ಊರಿಗೆ ಬಂದಾಗಲೆಲ್ಲ ಲಿಲಿಯನ್ ಅವರನ್ನು ನೋಡಲು ನೇರ ಮುಂಬಾಗಿಲಿಗೇ ಬರುತ್ತಿದ್ದ. ಅಲ್ಲಿನ ಕಟ್ಟುಪಾಡಿನಲ್ಲಿ ಕರಿಯರು ಬರಬೇಕಾದದ್ದು ಹಿತ್ತಿಲ ಬಾಗಿಲಿಗೆ. ಲಿಲಿಯನ್ ಅವನನ್ನು ಒಳಗೆ ಕರೆದು ಕೂರಿಸಿ ಮಾತಾಡುತ್ತಿದ್ದರು. ಅರ್ಲ್ ಜಗಳ ತೆಗೆಯುತ್ತಿರಲಿಲ್ಲ. ಮನೆಯಿಂದ ಹೊರಗೆ ಹೋಗಿಬಿಡುತ್ತಿದ್ದರು.

ಆ ಮನೆಯ ಒಳಗಿನ ಸ್ಥಿತಿ ಇದರಲ್ಲೇ ಇದೆ. ಆಕೆ ವ್ಯವಸ್ಥೆ ಮುರಿದವರಲ್ಲ. ತಮ್ಮ ಹೊಸ್ತಿಲಿನೊಳಗೆ ಅದನ್ನು ನಡೆಸಿಕೊಡಲಿಲ್ಲ, ಅಷ್ಟೇ. ಅದಕ್ಕಿಂತ ಜಾಸ್ತಿ ಹೇಳಿದರೆ ನಾವೇ ಬಣ್ಣ ಹಚ್ಚಿದ ಹಾಗಾಗುತ್ತದೆ, ಕಡಿಮೆ ಹೇಳಿದರೆ ಆಗಿನ ಜಾರ್ಜಿಯಾ ಏನು ಅಂತ ಮರೆತ ಹಾಗೆ.

ಹರಟೆಕಟ್ಟೆ:

ಇದಕ್ಕೆ 1964 ಸೇರಿಸಿ. ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಜುಲೈನಲ್ಲಿ ನಾಗರಿಕ ಹಕ್ಕು ಕಾಯ್ದೆಗೆ ಸಹಿ ಹಾಕಿದರು. ದಕ್ಷಿಣದ ಬಿಳಿಯರು ಕೆಂಡವಾದರು. ಆ ಚುನಾವಣೆಯಲ್ಲಿ ಜಾರ್ಜಿಯಾ ರಾಜ್ಯ ಜಾನ್ಸನ್ ಎದುರಾಳಿ ಗೋಲ್ಡ್‌ವಾಟರ್‌ಗೆ ಹೋಯಿತು. ಅಂಥ ಹೊತ್ತಲ್ಲಿ ಅಮೆರಿಕಸ್ ಊರಿನಲ್ಲಿ ಜಾನ್ಸನ್ ಪ್ರಚಾರ ಕಚೇರಿ ನಡೆಸಲು ಕೂತವರು ಲಿಲಿಯನ್, 66ನೇ ವಯಸ್ಸಲ್ಲಿ. ಕಚೇರಿಯಿಂದ ಹೊರಗೆ ಬಂದರೆ ಕಾರಿನ ಮೇಲೆಲ್ಲ ಬೈಗುಳ ಗೀಚಿರುತ್ತಿದ್ದರು. ಒರೆಸಿಕೊಂಡು ಮನೆಗೆ ಹೋಗಿ ಮರುದಿನ ಮತ್ತೆ ಬರುತ್ತಿದ್ದರು.

ಹೊಸ್ತಿಲಿನೊಳಗೆ ಮಾತ್ರ ಅಂದಿರಿ. ಇದು ಹೊಸ್ತಿಲ ಆಚೆ ಅಲ್ವಾ?

ಕಡ್ಡಿ ಮುರಿದಂತೆ:

ಇದು ಹೌದು. ಒಪ್ಪಿದೆ.

ಕ್ರಿಕೆಟ್ ಬಿಟ್ಟವನು:

ಬೇಸ್‌ಬಾಲ್ ವಿಷಯ ಯಾರೂ ಎತ್ತಲಿಲ್ಲ! ಅಜ್ಜಿ ಡಾಡ್ಜರ್ಸ್ ತಂಡದ ಹುಚ್ಚು ಅಭಿಮಾನಿ. ದಕ್ಷಿಣದ ಹೆಂಗಸಿಗೆ ನ್ಯೂಯಾರ್ಕ್‌ನ ಬ್ರೂಕ್ಲಿನ್ ತಂಡದ ಮೇಲೆ ಯಾಕೆ ಪ್ರೀತಿ? 1947ರಲ್ಲಿ ಕರಿಯ ಆಟಗಾರ ಜಾಕಿ ರಾಬಿನ್ಸನ್‌ರನ್ನು ಮೇಜರ್ ಲೀಗ್‌ಗೆ ಇಳಿಸಿದ ತಂಡ ಅದು, ಅದಕ್ಕೆ. ರಾಬಿನ್ಸನ್ ಹುಟ್ಟಿದ್ದೂ ಜಾರ್ಜಿಯಾದಲ್ಲೇ, ಕೈರೋ ಎಂಬ ಊರಲ್ಲಿ. ಆಮೇಲೆ ತಂಡ ಲಾಸ್ ಏಂಜಲೀಸ್‌ಗೆ ಹೋಯಿತು, ಅಜ್ಜಿಯೂ ನಿಷ್ಠೆ ಬದಲಿಸಲಿಲ್ಲ. ಕುಸ್ತಿ ಅಂದರೂ ಪ್ರಾಣ. ಟಿವಿ ಧಾರಾವಾಹಿ ಹೊತ್ತಿಗೆ ಯಾರೂ ಬರಬಾರದು. ಈ ಕೊನೆಯದು ಮಾತ್ರ ನಮ್ಮ ಮನೆ ಅಜ್ಜಿಯೇ.

ಹೊಸ ಓದುಗಿ:

ಗಂಡ ತೀರಿಕೊಂಡ ಮೇಲೆ ಭಾರತಕ್ಕೆ ಬರುವವರೆಗೆ ಏನು ಮಾಡುತ್ತಿದ್ದರು? ನಡುವೆ ಹದಿಮೂರು ವರ್ಷ ಇದೆಯಲ್ಲ.

ಹರಟೆಕಟ್ಟೆ:

ಅರ್ಲ್ 1953ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಹೋದರು. ಆಗಷ್ಟೇ ರಾಜ್ಯ ಶಾಸನಸಭೆಗೆ ಆರಿಸಿ ಬಂದಿದ್ದರು. ಆ ಸೀಟು ನೀವು ತಗೊಳ್ಳಿ ಅಂತ ಲಿಲಿಯನ್‌ಗೆ ಹೇಳಿದರು, ಬೇಡ ಅಂದರು. ಜಿಮ್ಮಿ ನೌಕಾಪಡೆ ಬಿಟ್ಟು ವ್ಯಾಪಾರ ನೋಡಿಕೊಳ್ಳಲು ಊರಿಗೆ ಬಂದರು. ಮನೆಯಲ್ಲಿ ಕೂತು ಆಕೆಗೆ ಬೇಜಾರು ಬಂತು. ಅಲಬಾಮಾದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಹುಡುಗರ ಹಾಸ್ಟೆಲಿನಂಥ ಮನೆಗೆ ಹೌಸ್ ಮದರ್ ಆಗಿ ಹೋದರು. ಕಾಲೇಜು ಹುಡುಗರ ಗಲಾಟೆ ನಡುವೆ ಹಲವು ವರ್ಷ. ಆಮೇಲೆ ಬ್ಲೇಕ್‌ಲಿ ಎಂಬ ಊರಲ್ಲಿ ವೃದ್ಧರ ಆರೈಕೆ ಕೇಂದ್ರ ನಡೆಸಿದರು. ಆಮೇಲೆ ವಿಕ್ರೋಲಿ.

ನನಗೆ ಅನ್ನಿಸುವುದು ಇದು. ಎಲ್ಲರೂ ಭಾರತದ 21 ತಿಂಗಳನ್ನು ದೊಡ್ಡ ತಿರುವು ಅಂತಾರೆ. ನನ್ನ ಪ್ರಕಾರ ತಿರುವೇ ಇಲ್ಲ. ಆರ್ಚರಿಯ ಮನೆಮನೆಗೆ ಹೋಗಿ ಮಾಡಿದ್ದನ್ನೇ ಇಲ್ಲೂ ಮಾಡಿದರು. ಬ್ಯಾಗು ಅದೇ, ವಿಳಾಸ ಬೇರೆ.

ವಿಕ್ರೋಲಿ ಹಳಬ:

ಅದು ಅಷ್ಟು ಸಲೀಸಾಗಿರಲಿಲ್ಲ. ಅವರು ಮನೆಗೆ ಬರೆದ ಪತ್ರಗಳು 1977ರಲ್ಲಿ ಪುಸ್ತಕವಾಗಿ ಬಂದಿವೆ, ಮಗಳು ಗ್ಲೋರಿಯಾ ಜೊತೆ ಸೇರಿ ತಂದದ್ದು. ಅದರಲ್ಲಿ ಬರೀ ಪ್ರೀತಿ ಕರುಣೆ ಇಲ್ಲ. ಸೆಖೆ, ಒಂಟಿತನ, ಕೈಯಲ್ಲಿ ಕಾಸಿಲ್ಲದ್ದು, ಕಚೇರಿಯವರ ಮೇಲೆ ಸಿಟ್ಟು, ಊರಿನ ಊಟದ ಆಸೆ, ಎಲ್ಲ ಇದೆ. ಕುಷ್ಠರೋಗಿಗಳನ್ನು ಮೊದಲು ಮುಟ್ಟುವಾಗ ಭಯ ಆಗಿತ್ತು. ಅದನ್ನೂ ಮುಚ್ಚಿಡಲಿಲ್ಲ. ನನಗೆ ಅವರು ಇಷ್ಟ ಆಗುವುದು ಅದಕ್ಕೇ.

ನಿವೃತ್ತ ಸಿಸ್ಟರ್:

ಕುಷ್ಠದ ಬಗ್ಗೆ ಒಂದು ಮಾತು, ಆಗಿನ ಸ್ಥಿತಿ ಗೊತ್ತಿಲ್ಲದೆ ಓದಿದರೆ ಇದರ ತೂಕ ಗೊತ್ತಾಗುವುದಿಲ್ಲ. ಈಗ ಕುಷ್ಠಕ್ಕೆ ಆರು ತಿಂಗಳು ಇಲ್ಲ ಒಂದು ವರ್ಷ ಬಹುಔಷಧ ಚಿಕಿತ್ಸೆ ಕೊಟ್ಟರೆ ಗುಣ ಆಗುತ್ತದೆ. ಆದರೆ ಆ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. 1966ರಲ್ಲಿ ಇದ್ದದ್ದು ಡ್ಯಾಪ್ಸೋನ್ ಮಾತ್ರ. ವರ್ಷಗಟ್ಟಲೆ ನುಂಗಬೇಕು, ಎಷ್ಟೋ ಜನರಿಗೆ ಜೀವನಪೂರ್ತಿ. ನಡುವೆ ಬಿಟ್ಟರೆ ರೋಗ ಮತ್ತೆ ಬರುತ್ತಿತ್ತು. ಸಮಾಜದ ಭಯ ಬೇರೆ. ಮನೆಯಿಂದ ಹೊರಗೆ ಹಾಕುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲೂ ಹಿರಿಯ ಸಿಸ್ಟರ್‌ಗಳೇ ಆ ವಾರ್ಡಿನ ಡ್ಯೂಟಿ ತಪ್ಪಿಸಿಕೊಳ್ಳುತ್ತಿದ್ದರು. ರೋಗಿಯ ಮೇಲೆ ಕೈ ಇಟ್ಟು ಮಾತಾಡಿಸುವುದು ಔಷಧಿಯ ಅರ್ಧ ಕೆಲಸ ಮಾಡುತ್ತದೆ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ.

ಕುಟುಂಬ ಯೋಜನೆ ಕೆಲಸ ಯಾಕೆ ಹಿಡಿಸಲಿಲ್ಲ ಅನ್ನುವುದೂ ಊಹಿಸಬಹುದು. ಭಾರತ 1952ರಲ್ಲೇ ರಾಷ್ಟ್ರೀಯ ಕುಟುಂಬ ಯೋಜನೆ ಶುರುಮಾಡಿತ್ತು. ಅರವತ್ತರ ದಶಕದ ನಡುವಿಗೆ ಗುರಿ ಮುಟ್ಟುವ ಒತ್ತಡ ಬಂತು. ಗಂಡಸರನ್ನು ಸಂತಾನಹರಣ ಆಪರೇಷನ್‌ಗೆ ಒಪ್ಪಿಸಬೇಕು. ಭಾಷೆ ಸರಿಯಾಗಿ ಬಾರದ ವಿದೇಶಿ ಅಜ್ಜಿ ಕಾರ್ಮಿಕರ ಮುಂದೆ ನಿಂತು ಅದನ್ನು ಹೇಳುವುದು! ನನಗೆ ಕನ್ನಡದಲ್ಲೇ ಕಷ್ಟ ಆಗುತ್ತಿತ್ತು.

ಹೊಸ ಓದುಗಿ:

ತೋಟಗಾರನ ಮಗಳ ಕಥೆ ನಿಜವಾ? ಎಲ್ಲೋ ಕೇಳಿದ ನೆನಪು.

ವಿಕ್ರೋಲಿ ಹಳಬ:

ಜಿಮ್ಮಿ ಕಾರ್ಟರ್ ಸಾರ್ವಜನಿಕವಾಗಿ ಹೇಳುತ್ತಿದ್ದ ಕಥೆ ಅದು. ಒಬ್ಬ ತೋಟಗಾರ ಅಮ್ಮನಿಗೆ ತರಕಾರಿ ತಂದುಕೊಡುತ್ತಿದ್ದ. ಕೊಡಲು ಅಮ್ಮನ ಹತ್ತಿರ ದುಡ್ಡಿಲ್ಲ. ಅದಕ್ಕೆ ಅವನ ಪುಟ್ಟ ಮಗಳಿಗೆ ಓದು ಬರಹ ಹೇಳಿಕೊಟ್ಟರು. 2006ರಲ್ಲಿ ಜಿಮ್ಮಿ ಬಡವರಿಗೆ ಮನೆ ಕಟ್ಟುವ ಕೆಲಸಕ್ಕೆ ಲೋನಾವಳ ಹತ್ತಿರ ಬಂದಿದ್ದರು. ಆ ಹುಡುಗಿ ಅಷ್ಟು ಹೊತ್ತಿಗೆ ಉನ್ನತ ಶಿಕ್ಷಣದಲ್ಲಿ ದೊಡ್ಡ ಸ್ಥಾನಕ್ಕೆ ಬಂದಿದ್ದಳು ಅಂತ ಅವರು ಹೇಳುತ್ತಿದ್ದರು.

ಆರ್ಚರಿಯಲ್ಲಿ ಶುಶ್ರೂಷೆಗೆ ಬದಲು ಕೋಳಿ ಮೊಟ್ಟೆ, ಇಲ್ಲಿ ತರಕಾರಿಗೆ ಬದಲು ಅಕ್ಷರ. ಲೆಕ್ಕ ಒಂದೇ. @ಹರಟೆಕಟ್ಟೆ ಹೇಳಿದ 'ತಿರುವೇ ಇಲ್ಲ' ಅನ್ನುವುದು ಇಲ್ಲಿ ಮಾತ್ರ ನನಗೆ ಒಪ್ಪಿಗೆ.

ದಿಲ್ಲಿ ಎಕ್ಸ್‌ಪ್ರೆಸ್:

ಹರಿಯಾಣದಲ್ಲಿ ಕಾರ್ಟರ್‌ಪುರಿ ಅಂತ ಊರೇ ಇದೆ, ಗುರುಗ್ರಾಮ ಹತ್ತಿರ. ಆಕೆ ಕೆಲಸ ಮಾಡಿದ್ದು ಅಲ್ಲಿ ಅಂತ ಎಷ್ಟೋ ಕಡೆ ಬಂದಿದೆಯಲ್ಲ?

ಹರಟೆಕಟ್ಟೆ:

ಆ ಊರಿನ ಮೊದಲ ಹೆಸರು ದೌಲತ್‌ಪುರ ನಸೀರಾಬಾದ್. 1978ರ ಜನವರಿ 3ರಂದು ಅಧ್ಯಕ್ಷ ಕಾರ್ಟರ್ ಮತ್ತು ರೋಸಲಿನ್ ಅಲ್ಲಿಗೆ ಭೇಟಿ ಕೊಟ್ಟರು. ಆಮೇಲೆ ಊರವರು ಹೆಸರು ಬದಲಾಯಿಸಿಕೊಂಡರು. 2002ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅಲ್ಲಿ ಹಬ್ಬ ಮಾಡಿದ್ದರು. ತಾಯಿ ಈ ಕಡೆ ಬಂದಿದ್ದರು ಅಂತ ಊರವರು ಹೇಳುತ್ತಾರೆ. ಆದರೆ ಪೀಸ್ ಕೋರ್ ಕೆಲಸ ನಡೆದದ್ದು ವಿಕ್ರೋಲಿಯಲ್ಲಿ, ಅದರಲ್ಲಿ ಅನುಮಾನವೇ ಇಲ್ಲ. ಊರಿನ ಅಭಿಮಾನಕ್ಕೆ ನಾನು ಅಡ್ಡ ಬರುವುದಿಲ್ಲ. ಪತ್ರಿಕೆಯವರು ಮಾತ್ರ ಒಂದು ಸಲ ನೋಡಿ ಬರೆಯಬಹುದಿತ್ತು.

ಮಂಡ್ಯದ ಮೇಷ್ಟ್ರು:

ನನಗೆ ಜಾಸ್ತಿ ಇಷ್ಟವಾದದ್ದು ಮಗ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಅಂದಾಗ ಅವರು ಕೇಳಿದ ಪ್ರಶ್ನೆ: "ಯಾವುದರ ಅಧ್ಯಕ್ಷ?" ಸಂಘದ್ದೋ ಸೊಸೈಟಿಯದ್ದೋ ಅನ್ನುವ ಹಾಗೆ. ಆದರೆ ನಿಂತ ಮೇಲೆ ಅವರಷ್ಟು ದುಡಿದವರು ಕಮ್ಮಿ. 1976ರಲ್ಲಿ ಪ್ಲೇನ್ಸ್‌ನ ಹಳೇ ರೈಲ್ವೆ ಸ್ಟೇಷನ್ನೇ ಪ್ರಚಾರ ಕಚೇರಿ. 78ರ ಅಜ್ಜಿ ಅಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಂದವರಿಗೆಲ್ಲ ಸಹಿ ಹಾಕಿಕೊಡುತ್ತಿದ್ದರು. ಪತ್ರಕರ್ತರಿಗೆ ಹಬ್ಬ. ಬಾಯಿಗೆ ಬಂದದ್ದು ಹೇಳುತ್ತಿದ್ದರು, ಪ್ರಚಾರದವರು ಬೆವರುತ್ತಿದ್ದರು. ಇಡೀ ದೇಶಕ್ಕೆ ಅವರು 'ಮಿಸ್ ಲಿಲಿಯನ್' ಆದದ್ದು ಆಗಲೇ.

ಜಾರ್ಜಿಯಾ ಕನ್ನಡಿಗ:

ಮತ್ತೆ ಭಾರತಕ್ಕೆ ಬಂದದ್ದು 1977ರ ಫೆಬ್ರವರಿಯಲ್ಲಿ. ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅಧಿಕಾರದಲ್ಲಿದ್ದಾಗಲೇ ಫೆಬ್ರವರಿ 11ರಂದು ತೀರಿಕೊಂಡರು. ಮಗ ಶ್ವೇತಭವನಕ್ಕೆ ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಂತ್ಯಕ್ರಿಯೆಗೆ ಅಮೆರಿಕದ ನಿಯೋಗದ ಮುಂದಾಳಾಗಿ ಅಮ್ಮನನ್ನೇ ಕಳಿಸಿದರು. ಫೋನು ಮಾಡಿ ಭಾರತಕ್ಕೆ ಹೋಗ್ತೀಯಾ ಅಂತ ಕೇಳಿದ್ದು, ಹೊರಟದ್ದು ಒಂದೇ ದಿನ. ಆ ಸಲ ವಿಕ್ರೋಲಿಗೂ ಹೋಗಿ ಹಳಬರನ್ನು ನೋಡಿ ಬಂದರು. ಆಮೇಲೆ ಇಸ್ರೇಲಿನ ಮಾಜಿ ಪ್ರಧಾನಿ ಗೋಲ್ಡಾ ಮೇಯರ್, ಯುಗೊಸ್ಲಾವಿಯದ ಅಧ್ಯಕ್ಷ ಟಿಟೊ ಅಂತ್ಯಕ್ರಿಯೆಗಳಿಗೂ ಹೋದರು. ದೂರದ ಪ್ರಯಾಣ, ದುಃಖದ ಮನೆ, ಯಾರಿಗೆ ಏನು ಹೇಳಬೇಕು ಎಂಬುದು ನರ್ಸಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ.

ವಿಕ್ರೋಲಿ ಹಳಬ:

ಆ ಭೇಟಿ ಬಗ್ಗೆ ಅಪ್ಪ ಹೇಳುತ್ತಿದ್ದರು. ಕಾಲೊನಿಗೆ ಕಾರುಗಳ ಸಾಲು ಬಂದಾಗಲೇ ಎಷ್ಟೋ ಜನರಿಗೆ ಗೊತ್ತಾದದ್ದು, ತಮಗೆ ಸೂಜಿ ಚುಚ್ಚಿದ್ದು ಯಾರು ಅಂತ.

ಹೊಸ ಓದುಗಿ:

ಕೊನೆಗಾಲ ಹೇಗಿತ್ತು? ನಾಲ್ಕು ಮಕ್ಕಳಲ್ಲಿ ಯಾರ ಜೊತೆ ಇದ್ದರು?

ಹರಟೆಕಟ್ಟೆ:

ಯಾರ ಜೊತೆಗೂ ಅಲ್ಲ, ಅವರ ಮನೆಯಲ್ಲಿ ಅವರಿದ್ದರು. ವಿಕ್ರೋಲಿಯಲ್ಲಿದ್ದಾಗ ಮಕ್ಕಳು ಪ್ಲೇನ್ಸ್ ಹೊರಗೆ ಕೆರೆ ದಂಡೆಯಲ್ಲಿ ಒಂದು ಮನೆ ಕಟ್ಟಿಸಿದ್ದರು. ಪಾಂಡ್ ಹೌಸ್ ಅಂತಾರೆ.

ಕೊನೆಯ ವರ್ಷ ಕಷ್ಟದ್ದು. ಕಿರಿಮಗಳು ರೂತ್ 54ನೇ ವಯಸ್ಸಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ 1983ರ ಸೆಪ್ಟೆಂಬರ್ 26ರಂದು ಹೋದರು. ಅಪ್ಪನಿಗೆ ಬಂದದ್ದೇ. ಅದಾಗಿ ತಿಂಗಳು ಕಳೆದು ಲಿಲಿಯನ್ ಹೋದರು, ಅವರಿಗೂ ಕ್ಯಾನ್ಸರ್. ಮುಂದೆ ಬಿಲ್ಲಿ 1988ರಲ್ಲಿ, ಗ್ಲೋರಿಯಾ 1990ರಲ್ಲಿ, ಇಬ್ಬರೂ ಮತ್ತೆ ಅದೇ ಕಾಯಿಲೆಯಿಂದ. ಉಳಿದವರು ಜಿಮ್ಮಿ ಒಬ್ಬರೇ, ನೂರು ವರ್ಷ. ಇಷ್ಟು ಜನ ಒಂದೇ ಮನೆಯಲ್ಲಿ ಹೋದದ್ದನ್ನು ನೋಡಿ ವೈದ್ಯರು ಆ ಕುಟುಂಬದ ಬಗ್ಗೆ ಅಧ್ಯಯನವನ್ನೇ ಮಾಡಿದರು.

ನಿವೃತ್ತ ಸಿಸ್ಟರ್:

ಅವರ ಹೆಸರಲ್ಲಿ ಉಳಿದಿರುವುದು ನನಗೆ ಗೊತ್ತಿರುವಷ್ಟು: ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯಲ್ಲಿ ಲಿಲಿಯನ್ ಕಾರ್ಟರ್ ಕೇಂದ್ರ ಇದೆ. ಐವತ್ತು ದಾಟಿದ ಮೇಲೆ ಪೀಸ್ ಕೋರ್ ಸೇರಿದವರಿಗೆ ಅವರ ಹೆಸರಿನ ಪ್ರಶಸ್ತಿ ಇದೆ, 1986ರಿಂದ.

ಎರಡನೆಯದು ನನಗೆ ಹೆಚ್ಚು ಇಷ್ಟ. ನಿವೃತ್ತಿ ಆದ ಮಾರನೇ ದಿನವೇ ನನಗೆ 'ಇನ್ನು ರಾಮಾ ಕೃಷ್ಣಾ ಅಂತಿರಿ ಸಿಸ್ಟರ್' ಅಂದವರು ಎಷ್ಟೋ ಜನ. ಈಗ ವಾರಕ್ಕೆರಡು ದಿನ ಹತ್ತಿರದ ವೃದ್ಧಾಶ್ರಮಕ್ಕೆ ಹೋಗಿ ಬಿಪಿ ಶುಗರ್ ನೋಡಿ ಬರುತ್ತೇನೆ. ಅಲ್ಲಿರುವ ಕೆಲವರು ನನಗಿಂತ ಚಿಕ್ಕವರು.

ಕಡ್ಡಿ ಮುರಿದಂತೆ:

ಸಿಸ್ಟರ್, ಆ ಪತ್ರಗಳ ಪುಸ್ತಕ ಕನ್ನಡಕ್ಕೆ ಮಾಡಿದರೆ ನರ್ಸಿಂಗ್ ಭಾಗ ನೀವೇ ನೋಡಿಕೊಡಿ. @ಜಾರ್ಜಿಯಾ ಕನ್ನಡಿಗ, ಅಕ್ಟೋಬರ್‌ನಲ್ಲಿ ನಾನು ಆ ಕಡೆ ಬರುತ್ತಿದ್ದೇನೆ. ಅವರ ಸಮಾಧಿ ಊರೊಳಗೇ ಇದೆಯಾ? ಕ್ಲಾರ್ಕ್ ಅವರ ಮನೆಯನ್ನೂ ನೋಡಬೇಕು.

ಜಾರ್ಜಿಯಾ ಕನ್ನಡಿಗ:

ಊರ ಹೊರಗೆ, ಲೆಬನಾನ್ ಸ್ಮಶಾನ. ಅರ್ಲ್ ಪಕ್ಕದಲ್ಲೇ. ಕ್ಲಾರ್ಕ್ ಅವರ ಮನೆ ಆರ್ಚರಿ ಹೊಲದೊಳಗೇ ಇದೆ, ಒಟ್ಟಿಗೆ ನೋಡಬಹುದು. ಪ್ರವೇಶ ಶುಲ್ಕ ಇಲ್ಲ. ಊರಲ್ಲಿ ಹೋಟೆಲು ಕಮ್ಮಿ, ಸಸ್ಯಾಹಾರಿಯಾದರೆ ಬುತ್ತಿ ಕಟ್ಟಿಕೊಂಡೇ ಬನ್ನಿ. ಅಕ್ಟೋಬರ್ ಅಂದರೆ ಕಡಲೆಕಾಯಿ ಕೀಳುವ ಕಾಲ, ರಸ್ತೆಯಲ್ಲಿ ಟ್ರ್ಯಾಕ್ಟರ್ ಸಿಗುತ್ತವೆ, ಅರ್ಧ ತಾಸು ಜಾಸ್ತಿ ಇಟ್ಟುಕೊಳ್ಳಿ.